ಗಿಡದ ಹೇನಿಗೆ ಸೀರಿಲ್ಲ

ಜೂನ್ 4

ಕುಂಡಗಳ ಒಡತಿಗೆ,

ಮೇಲೆ ಎರಡು ಕಡೆ ಗೀಟು ಹೊಡೆದಿರುವುದನ್ನು ನೋಡಿ ಗಾಬರಿಯಾಗಬೇಡ. ಮೊದಲು ‘ಸೊಸೆಗೆ’ ಎಂದು ಬರೆದೆ. ಆದರೆ ಏಪ್ರಿಲ್ ಹತ್ತರಿಂದ ನೀನು ನನ್ನ ಮಗನ ಹೆಂಡತಿಯಲ್ಲ, ಹಾಗಾಗಿ ನನ್ನ ಸೊಸೆಯೂ ಅಲ್ಲ. ಕೋರ್ಟಿನ ಮೊಹರು ಬಿದ್ದ ಮೇಲೆ ನನ್ನದೇನು ನಡೆಯುತ್ತದೆ? ಅದನ್ನು ಹೊಡೆದು ‘ಮಗಳಿಗೆ’ ಎಂದು ಬರೆದೆ. ನಿನ್ನ ಹೆತ್ತ ತಾಯಿ ಇರುವಾಗ ಅದು ಅಧಿಕಪ್ರಸಂಗ ಅನ್ನಿಸಿತು. ನಲವತ್ತು ವರ್ಷ ಗಡಿಯಾರದ ಸಣ್ಣ ಸಣ್ಣ ಹಲ್ಲುಚಕ್ರ ಕೂರಿಸಿದ ಕೈಗೆ ಒಂದು ಸಂಬೋಧನೆ ಕೂರಿಸಲು ಆಗಲಿಲ್ಲ. ಯಾರೂ ತಕರಾರು ತೆಗೆಯಲಾಗದ ಮಾತೆಂದರೆ ಇದೊಂದೇ ಎಂದು ಮೇಲಿನಂತೆ ಬರೆದಿದ್ದೇನೆ.

ನೀನು ಹೋಗುವಾಗ ಅಂಗಡಿಯ ಹಿಂದಿನ ಕಿಟಕಿಯ ಕಟ್ಟೆಯ ಮೇಲೆ ಒಂಬತ್ತು ಸಣ್ಣ ಕುಂಡ ಬಿಟ್ಟು ಹೋದೆ. ಮೂರು ಮೆಣಸಿನ ಸಸಿ, ಎರಡು ಟೊಮೆಟೊ, ಮೂರು ರೋಜಾ ಕಡ್ಡಿ, ಚೀಟಿ ಬರೆಯದೆ ಬಿಟ್ಟ ಇನ್ನೊಂದು. ಎಲ್ಲಕ್ಕೂ ಹೇನು ಬಿದ್ದಿದೆ. ಎಳೆ ಎಲೆಗಳೆಲ್ಲ ಮುದುಡಿವೆ, ಮುಟ್ಟಿದರೆ ಕೈಗೆ ಅಂಟುತ್ತದೆ, ಇರುವೆಗಳ ಸಾಲು ಬೇರೆ.

ಔಷಧಿ ಅಂಗಡಿಗೆ ಹೋಗಿ “ಹೇನಿಗೆ ಏನಾದ್ರೂ ಕೊಡಪ್ಪ” ಅಂದೆ. ಅವನು ನನ್ನ ತಲೆ ನೋಡಿದ. ನನ್ನ ತಲೆ ನಿನಗೆ ಗೊತ್ತಲ್ಲ, ಅಲ್ಲಿ ಹೇನು ಬಿದ್ದರೆ ಜಾರಿ ಕೆಳಗೆ ಬೀಳಬೇಕು. ಆಮೇಲೆ ಏನೋ ಕೇಳಿದ. ಕುಂಡ ಎಷ್ಟು ಅಂತ ಕೇಳಿರಬೇಕೆಂದು “ಒಂಬತ್ತು” ಅಂದೆ. ಅವನು ಎರಡೂ ಕೈ ಎತ್ತಿ ಮುಗಿದು, ಒಂದು ಬಾಟಲಿ ಎಣ್ಣೆ ಮತ್ತು ಒಂದು ಒತ್ತು ಹಲ್ಲಿನ ಬಾಚಣಿಗೆ ಕೊಟ್ಟ. ಬಾಚಣಿಗೆ ಯಾಕೆಂದು ಹೊಳೆಯಲಿಲ್ಲ. ಎಣ್ಣೆಯನ್ನು ಒಂದು ಟೊಮೆಟೊಗೆ ಹಚ್ಚಿದೆ. ಎರಡು ದಿನದಲ್ಲಿ ಅದು ಕರಕಲಾಯಿತು. ತಪ್ಪಾಯಿತು.

ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿಯಲ್ಲಿ ಹೇನುಗಳನ್ನು ನೋಡಿದೆ. ಹಸಿರು ಮೈ, ಡೊಳ್ಳು ಹೊಟ್ಟೆ, ಹಿಂದುಗಡೆ ಸ್ಕೂಟರಿನ ಸೈಲೆನ್ಸರಿನಂಥ ಎರಡು ಕೊಳವೆ. ಒಂದು ದೊಡ್ಡದರ ಹಿಂದೆ ಇನ್ನೊಂದು ಚಿಕ್ಕದು ಅಂಟಿಕೊಂಡು ಕಾಲು ಆಡಿಸುತ್ತಿತ್ತು. ಜಗಳವೋ ಪ್ರೀತಿಯೋ ತಿಳಿಯಲಿಲ್ಲ, ಹಾಗಾಗಿ ಬಿಡಿಸಲು ಹೋಗಲಿಲ್ಲ.

ನೀನು ಸಸಿಗಳ ನಡುವೆ ಕೆಲಸ ಮಾಡುವವಳು. ಏನು ಮಾಡಬೇಕು ಹೇಳು. ನಿನ್ನ ಪುಸ್ತಕದ ಡಬ್ಬ ಕಳಿಸಿದಾಗ ಬರೆದುಕೊಂಡಿದ್ದ ವಿಳಾಸಕ್ಕೆ ಇದನ್ನು ಹಾಕುತ್ತಿದ್ದೇನೆ.

ಗಡಿಯಾರದ ಅಂಗಡಿಯವನು


ಜೂನ್ 15

ಗಡಿಯಾರದ ಅಂಗಡಿಯವರಿಗೆ,

ಆ ಎಣ್ಣೆ ತಲೆಯ ಹೇನಿಗೆ. ಬಾಚಣಿಗೆಯೂ ಅದಕ್ಕೇ. ಎರಡನ್ನೂ ಎಸೆಯಿರಿ.

ಕುಂಡಗಳನ್ನು ಒಂದಕ್ಕೊಂದು ತಾಗದಂತೆ ದೂರ ಇಡಿ. ಪ್ರತಿ ಸಸಿಯನ್ನೂ ಓರೆ ಹಿಡಿದು ಎಲೆಯ ಅಡಿಭಾಗಕ್ಕೆ ನೀರು ಹಾಯಿಸಿ. ಅರ್ಧ ಹೇನು ಅದರಲ್ಲೇ ಹೋಗುತ್ತದೆ. ಒಂದು ಲೀಟರ್ ನೀರಿಗೆ ಒಂದು ಚಿಕ್ಕ ಚಮಚ ಸಾಬೂನು ಕರಗಿಸಿ, ಬಿಸಿಲು ಇಳಿದ ಮೇಲೆ ಸಿಂಪಡಿಸಿ. ಸ್ವಲ್ಪ ಹೊತ್ತು ಬಿಟ್ಟು ಬರೀ ನೀರಿನಲ್ಲಿ ತೊಳೆಯಿರಿ. ನಾಲ್ಕು ದಿನಕ್ಕೊಮ್ಮೆ ಸಾಕು. ಇರುವೆಗಳನ್ನು ಮೊದಲು ತಡೆಯಬೇಕು. ಹೇನು ಹೊರಬಿಡುವ ಸಿಹಿ ಅಂಟಿಗಾಗಿ ಅವು ಹೇನುಗಳನ್ನು ಕಾಯುತ್ತವೆ. ಕುಂಡಗಳ ಕೆಳಗೆ ನೀರಿನ ತಟ್ಟೆ ಇಟ್ಟರೆ ಹತ್ತಲಾರವು. ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆಯ ಸಣ್ಣ ಹುಳ ಕಂಡರೆ ಕೊಲ್ಲಬೇಡಿ, ಅದು ಹೇನು ತಿನ್ನುತ್ತದೆ.

ಇನ್ನೊಂದು ಮಾತು. ಗಿಡದ ವಿಷಯವಾದರೆ ಬರೆಯಿರಿ, ಉತ್ತರಿಸುತ್ತೇನೆ. ಮನೆಯ ವಿಷಯ ದಯವಿಟ್ಟು ಬೇಡ. ಹೇನು ಹೋದ ಮೇಲೆ ಪತ್ರದ ಅಗತ್ಯವೂ ಇರುವುದಿಲ್ಲ.


ಜೂನ್ 24

ಕುಂಡಗಳ ಒಡತಿಗೆ,

ನಿನ್ನ ಕಾಗದ ಕೈಗೆ ಬಂದ ದಿನವೇ ಅಂಗಡಿಯನ್ನು ಒಂದು ಗಂಟೆ ಮೊದಲೇ ಮುಚ್ಚಿದೆ. ಎಂಟು ಸಸಿಗಳಿಗೂ ಸ್ನಾನ ಮಾಡಿಸಿದೆ. ಕೂಸಿನ ಕತ್ತು ಹಿಡಿಯುವ ಹಾಗೆ ಎರಡು ಬೆರಳಲ್ಲಿ ಕಾಂಡ ಹಿಡಿದು, ಗಡಿಯಾರ ಉಜ್ಜುವ ಮೆತ್ತನೆಯ ಬ್ರಷ್ಷಿನಲ್ಲಿ ಎಲೆಯ ಅಡಿಯನ್ನು ಸವರಿದೆ. ಮುರುಟಿದ ಎಲೆಯೊಳಗೆ ಅವಿತವುಗಳನ್ನು ಧೂಳು ಊದುವ ರಬ್ಬರ್ ಚೆಂಡಿನಿಂದ ಊದಿ ಹೊರಗೆ ಹಾಕಿದೆ. ಸ್ಪ್ರಿಂಗು, ತಿರುಪು ಇಡುತ್ತಿದ್ದ ತಗಡಿನ ಡಬ್ಬಿಗಳೆಲ್ಲ ಈಗ ನೀರು ತುಂಬಿಕೊಂಡು ಕುಂಡಗಳ ಅಡಿ ಕೂತಿವೆ. ಇರುವೆಗಳು ದಡದಲ್ಲಿ ನಿಂತು ಮೀಸೆ ಅಲ್ಲಾಡಿಸುತ್ತವೆ, ದಾಟುವುದಿಲ್ಲ.

ಎಣಿಸಿದ್ದೇನೆ. ಮೊದಲ ದಿನ ಇನ್ನೂರ ಹನ್ನೆರಡು, ಇವತ್ತು ಎಂಬತ್ತೇಳು.

ನಿನ್ನ ಷರತ್ತಿಗೆ ಒಪ್ಪಿದೆ. ಇನ್ನು ಮುಂದೆ ಬರೆಯುವುದೆಲ್ಲ ಗಿಡದ ವಿಷಯ. ಎತ್ತರದಲ್ಲಿರುವ ರೋಜಾಗೆ ನೀರು ಹಾಕಲು ನಾನು ಸ್ಟೂಲು ಹತ್ತಬೇಕು. ಅದು ನೀನು ಸಂಜೆ ಕೆಲಸದಿಂದ ಬಂದು ನನ್ನ ಎದುರು ಕೂತು, ಉರುಳಿ ಹೋದ ತಿರುಪು ಹುಡುಕಿಕೊಡುತ್ತಿದ್ದ ಸ್ಟೂಲು. ಈಗ ಅದರ ಮೇಲೆ ಗಿರಾಕಿಗಳು ಚೀಲ ಇಡುತ್ತಾರೆ. ಬಿದ್ದ ತಿರುಪುಗಳು ಬಿದ್ದಲ್ಲೇ ಇವೆ. ಗಿಡಕ್ಕೆ ನೀರು ಹಾಕುವ ಸ್ಟೂಲಾದ್ದರಿಂದ ಇದೂ ಗಿಡದ ವಿಷಯವೇ.

ಚೀಟಿ ಇಲ್ಲದ ಕುಂಡದಲ್ಲಿರುವುದು ಏನು? ಗೇಣುದ್ದವೂ ಇಲ್ಲ, ಮುಳ್ಳು ಮಾತ್ರ ಈಗಲೇ ಬಂದಿದೆ.


ಜುಲೈ 5

ಗಡಿಯಾರದ ಅಂಗಡಿಯವರಿಗೆ,

ಸ್ಟೂಲು ಗಿಡದ ವಿಷಯವಲ್ಲ. ಅದು ನಿಮಗೂ ಗೊತ್ತು.

ಬ್ರಷ್ಷು ಸಾಕು, ಎಳೆ ಎಲೆ ಹರಿಯುತ್ತದೆ. ಸಂಖ್ಯೆ ಇಳಿಯುತ್ತಿದೆ ಎಂದರೆ ದಾರಿ ಸರಿಯಿದೆ. ಇನ್ನು ಹತ್ತು ದಿನದಲ್ಲಿ ಪೂರ್ತಿ ಹೋಗಬೇಕು.

ಚೀಟಿ ಇಲ್ಲದ ಕುಂಡದಲ್ಲಿ ಏನು ಹಾಕಿದ್ದೆನೋ ನೆನಪಿಲ್ಲ.

ಎಣ್ಣೆ ಹಚ್ಚಿದ ಟೊಮೆಟೊದ ಬುಡ ಚಿಗುರಿದೆಯೇ ಎಂದು ಕೇಳಲು ಎರಡು ಸಲ ಅಂಗಡಿಗೆ ಫೋನ್ ಮಾಡಿದೆ. ಅಂಗಡಿ ತೆರೆದಿರುವ ಹೊತ್ತಿಗೇ ಮಾಡಿದೆ. ಯಾರೂ ಎತ್ತಲಿಲ್ಲ. ನನ್ನ ಫೋನು ಎತ್ತಬಾರದು ಎಂದು ಮನೆಯಲ್ಲಿ ಮಾತಾಗಿದ್ದರೆ ನೇರವಾಗಿ ಹೇಳಿ. ನಾನು ತಪ್ಪು ತಿಳಿಯುವುದಿಲ್ಲ.


ಜುಲೈ 17

ಕುಂಡಗಳ ಒಡತಿಗೆ,

ಅಂಥ ಮಾತು ಯಾರೂ ಆಡಿಲ್ಲ. ಫೋನ್ ಕೆಟ್ಟಿದೆ. ರಿಪೇರಿಗೆ ಕೊಡಬೇಕು. ರಿಪೇರಿಯವನ ಮನೆಯ ಸಾಮಾನು ರಿಪೇರಿಯಾಗುವುದು ಯಾವಾಗ ಹೇಳು. ಅಲ್ಲಿಯವರೆಗೆ ಕಾಗದವೇ ಗತಿ.

ಹೇನಿನ ಸುದ್ದಿ ಚೆನ್ನಾಗಿಲ್ಲ. ಎಂಬತ್ತೇಳು ಇದ್ದದ್ದು ಇದ್ದಕ್ಕಿದ್ದಂತೆ ಮುನ್ನೂರು ದಾಟಿದೆ. ಎಣಿಸುವುದನ್ನೇ ಬಿಟ್ಟೆ. ಎಲೆಯ ಅಡಿಯಲ್ಲಿ ಸೀರು ಇಟ್ಟಿವೆ, ಬಿಳಿ ಬಿಳಿ, ಹೊಲಿಗೆ ಹಾಕಿದಂತೆ ಸಾಲಾಗಿ. ನಿನ್ನೆ ಒಂದು ಸೀರು ಒಡೆದು ಮರಿ ಹೊರಗೆ ಬಂದದ್ದನ್ನು ಭೂತಗನ್ನಡಿಯಲ್ಲಿ ಕಣ್ಣಾರೆ ಕಂಡೆ. ಇಷ್ಟು ಸೀರು ಒಡೆದರೆ ಗತಿಯೇನು? ಹತ್ತು ದಿನದಲ್ಲಿ ಮುಗಿಯುವ ಕೆಲಸವಲ್ಲ ಅನ್ನಿಸುತ್ತದೆ. ತಿಂಗಳುಗಟ್ಟಲೆ ಹಿಡಿಯಬಹುದು.

ಟೊಮೆಟೊದ ಬುಡ ಚಿಗುರಿಲ್ಲ. ಕುಂಡ ಹಾಗೇ ಇಟ್ಟಿದ್ದೇನೆ.


ಜುಲೈ 28

ಗಡಿಯಾರದ ಅಂಗಡಿಯವರಿಗೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸೀರಿನ ಭಾಗವನ್ನು ಮೂರು ಸಲ.

ಪರಿಸ್ಥಿತಿ ಗಂಭೀರವಾಗಿದೆ. ಬೆಳ್ಳುಳ್ಳಿ ಜಜ್ಜಿ ಒಂದು ದಿನ ನೀರಿನಲ್ಲಿ ನೆನೆಸಿ, ಸೋಸಿ, ಹತ್ತು ಪಾಲು ನೀರು ಬೆರೆಸಿ ಸಿಂಪಡಿಸಿ. ಇದು ನಿಧಾನದ ಚಿಕಿತ್ಸೆ. ಎಷ್ಟು ಕಾಲ ಹಿಡಿಯುತ್ತದೆಂದು ಈಗಲೇ ಹೇಳಲಾಗದು. ಹತ್ತು ದಿನಕ್ಕೊಮ್ಮೆ ತಪ್ಪದೆ ವಿವರವಾಗಿ ಬರೆಯಿರಿ.

ಇಲ್ಲಿ ಹಸಿರು ಬಲೆಯ ಚಪ್ಪರದ ಕೆಳಗೆ ದಿನಕ್ಕೆ ಎರಡು ಸಾವಿರ ಸಸಿಗಳನ್ನು ತಟ್ಟೆಯಿಂದ ಕಿತ್ತು ಲೋಟದಷ್ಟು ಕುಂಡಗಳಿಗೆ ಕೂರಿಸುತ್ತೇನೆ. ಇಪ್ಪತ್ತು ಜನ ಸಾಲಾಗಿ ನಿಂತಿರುತ್ತೇವೆ. ಮೇಲೆ ಮಂಜು ಉಗುಳುವ ಕೊಳವೆಗಳ ಶಬ್ದದಲ್ಲಿ ಪಕ್ಕದವರ ಮಾತು ಕೇಳಿಸುವುದಿಲ್ಲ. ಬೆಳಗ್ಗೆಯಿಂದ ಸಂಜೆಯವರೆಗೆ ನಾನು ಬಾಯಿ ಬಿಡುವುದು ಆಕಳಿಸಲು ಮಾತ್ರ. ಕೋಣೆಗೆ ಬಂದರೆ ಅಲ್ಲಿ ಒಂದು ಮಂಚ, ಒಂದು ಬಕೆಟ್ಟು, ಎದುರುಮನೆಯ ಗೋಡೆಗೆ ತೆರೆಯುವ ಒಂದು ಕಿಟಕಿ. ದಿನವಿಡೀ ಎರಡು ಸಾವಿರ ಗಿಡ ಮುಟ್ಟುವವಳ ಕೋಣೆಯಲ್ಲಿ ಒಂದೂ ಗಿಡವಿಲ್ಲ. ಯಾಕೋ ತರಲು ಮನಸ್ಸಾಗಿಲ್ಲ.

ಇದೂ ಗಿಡದ ವಿಷಯವೇ.


ಆಗಸ್ಟ್ 8

ಕುಂಡಗಳ ಒಡತಿಗೆ,

ನೀನು ಹೇಳಿದಂತೆ ತಪ್ಪದೆ ವರದಿ ಬರೆಯುತ್ತಿದ್ದೇನೆ. ಹೇನುಗಳು ಭಾರೀ ಮೊಂಡು. ಬೆಳ್ಳುಳ್ಳಿ ನೀರು ಹಾಕಿದರೆ ಒಂದು ದಿನ ಸುಮ್ಮನಿರುತ್ತವೆ, ಮರುದಿನ ಮತ್ತೆ ಸಂಸಾರ ಹೂಡುತ್ತವೆ. ಸೀರುಗಳೂ ಹೆಚ್ಚಿವೆ. ಅಂಗಡಿಯೆಲ್ಲ ಬೆಳ್ಳುಳ್ಳಿ ನಾರುತ್ತಿದೆ. ಒಬ್ಬ ಹೆಂಗಸು ಗಡಿಯಾರ ಕೊಡಲು ಬಂದವಳು ಮೂಗು ಮುಚ್ಚಿಕೊಂಡು, ಅಡುಗೆಮನೆಗೆ ಬಂದುಬಿಟ್ಟೆನೇನೋ ಎಂಬಂತೆ ಹಿಂದೆ ಹೋದಳು.

ಮೆಣಸಿನ ಗಿಡ ಮೂರೂ ಮೊಣಕಾಲೆತ್ತರ ಬಂದಿವೆ. ಐದು ಕಾಯಿ ಬಿಟ್ಟಿವೆ, ಹೊಳೆಯುತ್ತಿವೆ. ರೋಜಾದಲ್ಲಿ ಒಂದು ಮೊಗ್ಗು. ಎಲೆಗಳೆಲ್ಲ ಅಗಲವಾಗಿ ಹಸಿರಾಗಿವೆ. ಹೇನಿನ ಕಾಟ ಮಾತ್ರ ವಿಪರೀತ.

ನಿನ್ನ ಕೋಣೆಗೆ ಒಂದು ಗಿಡ ತಂದಿಟ್ಟುಕೋ. ಗೋಡೆಯನ್ನು ಎಷ್ಟು ಹೊತ್ತು ನೋಡುತ್ತೀ?

ಮುಂದಿನ ಚಿಕಿತ್ಸೆ ತಿಳಿಸು. ಕಾಯುತ್ತಿರುತ್ತೇನೆ.


ಸೆಪ್ಟೆಂಬರ್ 3

ಕುಂಡಗಳ ಒಡತಿಗೆ,

ಆಗಸ್ಟ್ ಹದಿನೆಂಟಕ್ಕೆ ಒಂದು ವರದಿ ಹಾಕಿದ್ದೆ, ಇಪ್ಪತ್ತೆಂಟಕ್ಕೆ ಇನ್ನೊಂದು. ಎಂಟರ ಕಾಗದವೂ ಸೇರಿ ಮೂರಕ್ಕೂ ಉತ್ತರವಿಲ್ಲ. ಅಂಚೆಯವನು ಬರುವ ಹೊತ್ತಿಗೆ ನಾನು ಹೊರಗಿನ ಮೆಟ್ಟಿಲ ಮೇಲೆ ನಿಂತಿರುತ್ತೇನೆ. ಅವನು ದೂರದಿಂದಲೇ ಕೈ ಅಲ್ಲಾಡಿಸುತ್ತಾನೆ. ಮೊದಲು ಅದನ್ನು ನಮಸ್ಕಾರ ಅಂದುಕೊಂಡಿದ್ದೆ. ಇಲ್ಲ ಅನ್ನುವುದಂತೆ.

ಹುಷಾರಿಲ್ಲವೇ? ಅಷ್ಟನ್ನಾದರೂ ಒಂದು ಸಾಲು ಬರೆ. ಹೇನಿನ ವಿಷಯ ಆಮೇಲಿರಲಿ.


ಸೆಪ್ಟೆಂಬರ್ 20

ಕುಂಡಗಳ ಒಡತಿಗೆ,

ಹೇನು ಇಲ್ಲ.

ಜುಲೈ ಹದಿನಾಲ್ಕಕ್ಕೆ ಕೊನೆಯದು ಹೋಯಿತು. ಚುಕ್ಕೆಯ ಹುಳ ಬಂದು ಅದನ್ನು ತಿನ್ನುವುದನ್ನು ಕೂತು ನೋಡಿದೆ. ಖುಷಿಯಾಗಬೇಕಿತ್ತು. ಆದರೆ ಹೇನು ಹೋದ ಮೇಲೆ ಪತ್ರದ ಅಗತ್ಯವಿಲ್ಲ ಎಂದು ನೀನು ಬರೆದದ್ದು ನೆನಪಾಗಿ, ಆ ಹುಳವನ್ನು ತಡೆಯೋಣ ಅನ್ನಿಸಿಬಿಟ್ಟಿತು. ಮೂರು ದಿನ ಬಿಟ್ಟು ಸುಳ್ಳು ಬರೆದೆ. ಸೀರೂ ಸುಳ್ಳು, ಮುನ್ನೂರೂ ಸುಳ್ಳು. ಬೆಳ್ಳುಳ್ಳಿ ಮಾತ್ರ ನಿಜ. ನೀನು ಹೇಳಿದ್ದೀಯಲ್ಲ ಎಂದು ಹೇನಿಲ್ಲದ ಗಿಡಕ್ಕೇ ಸಿಂಪಡಿಸುತ್ತಿದ್ದೆ.

ಫೋನೂ ಕೆಟ್ಟಿಲ್ಲ. ಕೆಟ್ಟಿರುವುದು ಕಿವಿ. ಎರಡು ವರ್ಷದಿಂದ ಸ್ವಲ್ಪ ಸ್ವಲ್ಪವಾಗಿ ಹೋಗುತ್ತಿತ್ತು, ಈ ಬೇಸಿಗೆಯಲ್ಲಿ ಪೂರ್ತಿ ಕೈಕೊಟ್ಟಿತು. ಗಡಿಯಾರ ನಡೆಯುತ್ತಿದೆಯೇ ಎಂದು ಈಗ ಹಲ್ಲಿಗೆ ಒತ್ತಿ ನೋಡುತ್ತೇನೆ. ಟಿಕ್ ಟಿಕ್ ಅನ್ನುವುದು ದವಡೆಯಲ್ಲಿ ತಿಳಿಯುತ್ತದೆ. ಗಿರಾಕಿಗಳಿಗೆ ಗೊತ್ತಾದರೆ ಕಿವುಡನ ಕೈಗೆ ಗಡಿಯಾರ ಕೊಡುತ್ತಾರೆಯೇ? ಅದಕ್ಕೇ ಯಾರಿಗೂ ಹೇಳಿರಲಿಲ್ಲ. ಔಷಧಿ ಅಂಗಡಿಯವನು ಅಂದು ಕೇಳಿದ್ದು “ಮನೇಲಿ ಮಕ್ಕಳೆಷ್ಟು” ಅಂತ. ಮೊನ್ನೆ ಚೀಟಿಯಲ್ಲಿ ಬರೆದು ತೋರಿಸಿದ.

ಷರತ್ತು ಹೇಗೂ ಮುರಿಯಿತು, ಉಳಿದದ್ದನ್ನೂ ಹೇಳುತ್ತೇನೆ. ಮಗನಿಗೆ ಮತ್ತೆ ಮದುವೆ ಗೊತ್ತಾಗಿದೆ. ಡಿಸೆಂಬರಿನಲ್ಲಿ. ಹುಡುಗಿ ಒಮ್ಮೆ ಮನೆಗೆ ಬಂದಿದ್ದಳು. ಅಂಗಡಿಗೂ ಬಂದು, ಕಿಟಕಿಯ ಹತ್ತಿರ ನಿಂತು ಗಿಡಗಳು ಯಾರವು ಎಂದು ಕೇಳಿದಳು. ಮಗ ನನ್ನ ಕಡೆ ಕೈ ತೋರಿಸಿ ‘ಅಪ್ಪನವು’ ಅಂದ. ತುಟಿ ಓದುವಷ್ಟು ಕಲಿತಿದ್ದೇನೆ. ನಾನು ತಿದ್ದಲಿಲ್ಲ. ಆಮೇಲೆ ಇಡೀ ದಿನ ಕೆಲಸಕ್ಕೆ ಕೈ ಏಳಲಿಲ್ಲ. ಮಗ ಕೆಟ್ಟವನಲ್ಲ, ನಿನಗೂ ಗೊತ್ತು. ನಿಮ್ಮಿಬ್ಬರಿಗೆ ಹೊಂದಲಿಲ್ಲ, ಅಷ್ಟೆ. ಆದರೆ ಅವನು ಬಿಟ್ಟದ್ದು ಹೆಂಡತಿಯನ್ನು, ನಾನು ಏನನ್ನು ಬಿಟ್ಟೆನೆಂದು ಯಾರೂ ಕೇಳಲಿಲ್ಲ. ಈ ಮನೆಯಲ್ಲಿ ನನ್ನ ಜೊತೆ ಮಾತಾಡುತ್ತಿದ್ದವಳು ನೀನೊಬ್ಬಳೇ.

ಸುಳ್ಳು ಹೇಳಿದ್ದಕ್ಕೆ ಉತ್ತರ ಬರೆಯಲೇಬೇಕೆಂದಿಲ್ಲ.


ಅಕ್ಟೋಬರ್ 6

ಗಡಿಯಾರದ ಅಂಗಡಿಯವರಿಗೆ,

ಹುಷಾರಾಗಿದ್ದೇನೆ. ನಿಮ್ಮ ಎಲ್ಲ ಪತ್ರಗಳೂ ಬಂದಿವೆ.

ನೀವು ಸುಳ್ಳು ಹೇಳುತ್ತಿರುವುದು ಜುಲೈಯಲ್ಲೇ ಗೊತ್ತಾಯಿತು. ಗಿಡದ ಹೇನಿಗೆ ಸೀರಿಲ್ಲ. ತಲೆಯ ಹೇನು ಸೀರು ಇಡುತ್ತದೆ, ಗಿಡದ ಹೇನು ಈ ಕಾಲದಲ್ಲಿ ನೇರವಾಗಿ ಮರಿಯನ್ನೇ ಹಾಕುತ್ತದೆ. ಎರಡಕ್ಕೂ ಒಂದೇ ಹೆಸರು ಇರುವುದರಿಂದ ನೀವು ತಲೆಯದನ್ನು ತಂದು ಎಲೆಗೆ ಅಂಟಿಸಿದಿರಿ. ಜೂನ್‌ನ ಮೊದಲ ಪತ್ರದಲ್ಲಿ, ದೊಡ್ಡದರ ಹಿಂದೆ ಚಿಕ್ಕದು ಅಂಟಿಕೊಂಡು ಕಾಲು ಆಡಿಸುತ್ತಿತ್ತು ಎಂದು ಬರೆದಿದ್ದಿರಿ. ಅದು ಜಗಳವೂ ಅಲ್ಲ, ಪ್ರೀತಿಯೂ ಅಲ್ಲ, ಹೆರಿಗೆ. ಕಣ್ಣಾರೆ ಕಂಡದ್ದನ್ನು ನೀವು ಗುರುತಿಸಲಿಲ್ಲ, ಕಾಣದ್ದನ್ನು ಕಣ್ಣಾರೆ ಕಂಡೆ ಎಂದು ಬರೆದಿರಿ.

ಗೊತ್ತಿದ್ದೂ ಬೆಳ್ಳುಳ್ಳಿಯ ಚಿಕಿತ್ಸೆ ಹೇಳಿದೆ. ಹತ್ತು ದಿನಕ್ಕೊಮ್ಮೆ ಬರೆಯಿರಿ ಅಂದೆ. ಯಾಕೆಂದು ನಾನು ಹೇಳಬೇಕಿಲ್ಲ.

ಫೋನ್ ಎತ್ತದ್ದಕ್ಕೆ ನಾನು ಏನೇನೋ ಅಂದುಕೊಂಡಿದ್ದೆ. ಕಿವಿಯ ವಿಷಯ ಓದಿ ನನ್ನ ಮೇಲೇ ಸಿಟ್ಟು ಬಂತು. ಎದುರಿಗೇ ಕೂರುತ್ತಿದ್ದೆನಲ್ಲ, ನನಗೆ ತಿಳಿಯಲಿಲ್ಲ.

ಮದುವೆಯ ಸುದ್ದಿ ಆಗಸ್ಟ್ ಮಧ್ಯದಲ್ಲೇ ಅಮ್ಮನಿಂದ ಗೊತ್ತಾಯಿತು. ನನಗೆ ಅದರಲ್ಲಿ ಬೇಸರವಿಲ್ಲ, ಅವರಿಗೆ ಒಳ್ಳೆಯದಾಗಲಿ. ಆದರೆ ಅಂದಿನಿಂದ ನಿಮಗೆ ಬರೆಯಲು ಕೈ ಬರಲಿಲ್ಲ. ಆ ಮನೆಗೆ ಸೊಸೆಯಾಗಿ ಬರುವವಳ ಕೈಗೆ ನನ್ನ ಪತ್ರ ಸಿಕ್ಕರೆ ಅವಳಿಗೆ ಹೇಗಾಗಬೇಡ? ಅವಳ ಜಾಗದಲ್ಲಿ ಕೂತು ನಾನು ಯಾಕೆ ಬೆಳ್ಳುಳ್ಳಿ ಜಜ್ಜಿಸಲಿ? ನಾನು ಏನಾಗಿ ಬರೆಯಬೇಕು ಎಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ನೀವೇ ಎರಡು ಸಲ ಗೀಟು ಹೊಡೆದಿದ್ದೀರಿ.

ಚೀಟಿ ಇಲ್ಲದ ಕುಂಡದಲ್ಲಿರುವುದು ನಿಂಬೆ. ನೆನಪಿಲ್ಲ ಎಂದದ್ದು ಸುಳ್ಳು. ಮಾರ್ಚಿನಲ್ಲಿ ಒಂದು ಸಂಜೆ ಅಂಗಡಿಯಲ್ಲಿ ಇಬ್ಬರಿಗೂ ಪಾನಕ ಮಾಡಿದ್ದೆ, ಅದರ ಬೀಜ. ಬೀಜದ ನಿಂಬೆ ಕಾಯಿ ಬಿಡಲು ಐದಾರು ವರ್ಷ ಬೇಕು. ಹೊರಡುವುದು ಆಗಲೇ ತೀರ್ಮಾನವಾಗಿತ್ತು. ಹೊರಟವಳು ಯಾಕೆ ಆರು ವರ್ಷದ ಗಿಡ ಹಾಕಿದಳು ಎಂದು ನೀವು ಕೇಳುತ್ತೀರೆಂದು ಹೆದರಿ ಚೀಟಿ ಬರೆಯಲಿಲ್ಲ.

ಕುಂಡಗಳನ್ನು ಬರುವವಳಿಗೆ ಕೊಡಿ. ಇದು ಕೊನೆಯ ಪತ್ರ ಎಂದುಕೊಳ್ಳಿ. ಕಿವಿಯನ್ನು ವೈದ್ಯರಿಗೆ ತೋರಿಸಿ.


ಅಕ್ಟೋಬರ್ 15

ಸೊಸೆಗೆ,

ಈ ಸಲ ಗೀಟು ಹೊಡೆದಿಲ್ಲ, ನೋಡು. ಕಾರಣ ಕೆಳಗಿದೆ, ಪೂರ್ತಿ ಓದು.

ನಿನ್ನ ಕಾಗದ ಬಂದ ಮರುದಿನ ಆ ಹುಡುಗಿ ಮತ್ತೆ ಬಂದಿದ್ದಳು. ಮಗನೂ ಇದ್ದ. ನಾನೇ ಅವಳನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ, “ಈ ಗಿಡ ನಂದಲ್ಲಮ್ಮ. ಮೊದಲು ಈ ಮನೇಲಿದ್ದ ಹುಡುಗಿದು. ನಾನು ಅವಳಿಗೆ ಕಾಗದ ಬರೀತೀನಿ” ಅಂದೆ. ಕಿವಿ ಕೇಳಿಸುವುದಿಲ್ಲ ಎಂಬುದನ್ನೂ ಹೇಳಿಬಿಟ್ಟೆ. ಮಗ ನೆಲ ನೋಡಿದ. ಹುಡುಗಿ ಮೇಜಿನ ಮೇಲಿದ್ದ ರಸೀದಿ ಪುಸ್ತಕ ಎಳೆದುಕೊಂಡು ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದಳು: ‘ಮೆಣಸಿನಕಾಯಿ ಅವರಿಗೆ ಕಳಿಸಿದ್ರಾ?’ ಇಲ್ಲ ಅಂದೆ. ‘ಒಣಗಿಸಿ ಕಳಿಸಿ, ಹಸೀದು ಕೊಳೆಯುತ್ತೆ’ ಎಂದು ಮತ್ತೆ ಬರೆದಳು. ಆಮೇಲೆ ಸ್ಟೂಲಿನ ಮೇಲೆ ಕೂತಳು. ನನಗೇನೂ ಅನ್ನಿಸಲಿಲ್ಲ ಅಂದರೆ ಅದೂ ಒಂದು ಸೀರಿನ ಕತೆಯಾದೀತು. ಅನ್ನಿಸಿತು. ಆದರೆ ಹುಡುಗಿ ಒಳ್ಳೆಯವಳು.

ಈಗ ನಿನ್ನ ಪ್ರಶ್ನೆ. ಏನಾಗಿ ಬರೆಯಬೇಕು ಅಂದೆಯಲ್ಲ. ಒಂದೇ ಹೆಸರಿಗೆ ಎರಡು ಜೀವ ಇದ್ದು ನಾನು ಹೇನಿನಲ್ಲಿ ಸಿಕ್ಕಿಬಿದ್ದೆ. ಅದೇ ದಾರಿಯಲ್ಲಿ ಹೊರಗೆ ಬರುತ್ತೇನೆ. ಮಗನ ಹೆಂಡತಿಯೂ ಸೊಸೆ, ಅಕ್ಕನ ಮಗಳೂ ಸೊಸೆ. ಮೊದಲನೆಯದನ್ನು ಕೋರ್ಟು ತೆಗೆದುಕೊಂಡಿತು, ಇನ್ನು ಆ ಜಾಗಕ್ಕೆ ಈ ಹುಡುಗಿ ಬರುತ್ತಾಳೆ, ಬರಲಿ. ಎರಡನೆಯದರ ಮೇಲೆ ಯಾವ ಕೋರ್ಟಿಗೂ ಅಧಿಕಾರವಿಲ್ಲ. ಅಕ್ಕನ ಮಗಳಿಗೆ ನಾನು ಸಾಯುವವರೆಗೂ ಮಾವನೇ. ಒಂದೇ ತೊಡಕು, ನನಗೆ ಅಕ್ಕ ಇರಲಿಲ್ಲ. ಒಬ್ಬನೇ ಹುಟ್ಟಿದೆ. ಇದ್ದಿದ್ದರೆ ಹೇಗಿರುತ್ತಿದ್ದಳೆಂದು ನಿನ್ನೆ ಕೂತು ಯೋಚಿಸಿದೆ. ಸಿಡುಕಿ. ನನ್ನ ಪಾಲಿನ ಕೂದಲನ್ನೂ ತಾನೇ ತೆಗೆದುಕೊಂಡು ಹುಟ್ಟಿರುತ್ತಿದ್ದಳು. ನನ್ನನ್ನು ಹೊರಗೆ ಬೈದು ಒಳಗೆ ಕಾಯುತ್ತಿದ್ದಳು. ಅವಳಿಗೆ ನಿನ್ನಂಥ ಮಗಳೇ ಹುಟ್ಟುತ್ತಿದ್ದದ್ದು.

ಒಪ್ಪದಿದ್ದರೆ ಬಲವಂತವಿಲ್ಲ. ನಿಂಬೆಗೆ ಚೀಟಿ ಬರೆದು ಸಿಕ್ಕಿಸಿದ್ದೇನೆ. ಆರು ವರ್ಷ ಅಂದೆಯಲ್ಲ, ಕಾಯುತ್ತೇನೆ. ನನಗೆ ಈಗ ಅರವತ್ತೆಂಟು.

ಜೊತೆಗೆ ಒಂಬತ್ತು ಒಣ ಮೆಣಸಿನಕಾಯಿ, ಮತ್ತು ನನ್ನ ಎರಡನೆಯ ಭೂತಗನ್ನಡಿ. ಅದು ಯಾಕೆಂದು ಕೇಳಬೇಡ. ನನಗೆ ಎರಡು ಕಣ್ಣಿದ್ದರೂ ಹಾಕಿಕೊಳ್ಳುವುದು ಒಂದಕ್ಕೇ.

ಕಿವಿ ತೋರಿಸಿದೆ. ಸಾಧನ ಹಾಕಿದರೆ ಸ್ವಲ್ಪ ಕೇಳಬಹುದಂತೆ. ನೋಡೋಣ.


ನವೆಂಬರ್ 9

ಮಾವನಿಗೆ,

ಈ ಒಂದು ಪದ ಬರೆಯಲು ಮೂರು ವಾರ ಹಿಡಿಯಿತು. ನಾಲ್ಕು ಸಲ ಕೂತೆ, ನಾಲ್ಕು ಸಲವೂ ಎದ್ದೆ. ಇವತ್ತು ಸುಮ್ಮನೆ ಕೂತು ಮೊದಲು ಇದನ್ನೇ ಬರೆದೆ. ಬರೆದ ಮೇಲೆ ಒಂದಿಷ್ಟು ಅತ್ತೆ. ಆಮೇಲೆ ಸರಿಹೋಯಿತು.

ನಿಮ್ಮ ಅಕ್ಕ ನನ್ನನ್ನೂ ಬಹಳ ಬೈಯುತ್ತಿದ್ದಳು.

ಆ ಹುಡುಗಿಗೆ ನನ್ನ ಕಡೆಯಿಂದ ಒಂದು ರೋಜಾ ಕುಂಡ ಕೊಡಿ. ಮೊಗ್ಗು ಬಿಟ್ಟದ್ದನ್ನೇ ಕೊಡಿ. ಸ್ಟೂಲಿನ ಕೆಳಗೆ, ಗೋಡೆಯ ಬದಿಯ ಹಲಗೆಯ ಸಂದಿಯಲ್ಲಿ ನೋಡಲು ಹೇಳಿ. ಬಿದ್ದ ತಿರುಪೆಲ್ಲ ಅಲ್ಲಿಗೇ ಉರುಳಿ ಹೋಗುತ್ತವೆ.

ಇಲ್ಲಿಯ ಸುದ್ದಿ ಏನೆಂದರೆ, ತಟ್ಟೆಯಲ್ಲಿ ಸೊರಗಿದ್ದ ಒಂದು ಮೆಣಸಿನ ಸಸಿಯನ್ನು ಎಸೆಯಲು ಇಟ್ಟಿದ್ದರು. ಕೇಳಿ ತಂದೆ. ಕಿಟಕಿಯಲ್ಲಿ ಇಟ್ಟಿದ್ದೇನೆ. ಈಗ ಎದ್ದ ಕೂಡಲೇ ಕಣ್ಣಿಗೆ ಬೀಳುವುದು ಗೋಡೆಯಲ್ಲ, ಅದು. ನೀವು ಕಳಿಸಿದ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಅದನ್ನು ಎಲೆ ಎಲೆಯಾಗಿ ನೋಡಿದೆ. ಒಂದೇ ಒಂದು ಕಲೆ ಇಲ್ಲ, ಹೊಸ ಚಿಗುರು ಎರಡು ಬಂದಿವೆ.

ಆದರೆ ಮಾವ, ಏನು ಹೇಳಲಿ. ವಿಪರೀತ ಹೇನು ಬಿದ್ದಿದೆ. ಮುನ್ನೂರು ದಾಟಿವೆ. ಎಲೆಯ ಅಡಿಯಲ್ಲಿ ಸೀರು ಬೇರೆ ಇಟ್ಟಿವೆ, ಬಿಳಿ ಬಿಳಿ, ಹೊಲಿಗೆ ಹಾಕಿದಂತೆ ಸಾಲಾಗಿ. ನಿನ್ನೆ ಒಂದು ಒಡೆದು ಮರಿ ಹೊರಗೆ ಬಂದದ್ದನ್ನು ಕಣ್ಣಾರೆ ಕಂಡೆ. ನಿಮಗೆ ಇದರಲ್ಲಿ ಅನುಭವ ಹೆಚ್ಚು. ಏನು ಮಾಡಬೇಕೆಂದು ಹತ್ತು ದಿನಕ್ಕೊಮ್ಮೆ ತಪ್ಪದೆ ವಿವರವಾಗಿ ಬರೆಯಿರಿ.

ನಿಮಗಿಲ್ಲದ ಅಕ್ಕನ ಮಗಳು